ಮುನ್ನೂರು ಹೆಜ್ಜೆಯ ಗೋಡೆ

ಬಹಳ ಹಿಂದೆ, ಪ್ರಾಣಿಗಳು ಮನುಷ್ಯರ ಜೊತೆ ಇನ್ನೂ ಮಾತು ಬಿಡದೆ ಇದ್ದ ಕಾಲದಲ್ಲಿ, ಕೆಂಜೇಡಿ ಎಂಬ ಒಂದು ರಾಜ್ಯವಿತ್ತು. ಅದನ್ನು ಇರುಂಗ ಎಂಬ ರಾಜ ಆಳುತ್ತಿದ್ದ. ಅವನ ಅರಮನೆಯ ಮುಂದೆ ದೊಡ್ಡದೊಂದು ಅಂಗಳ, ಅಂಗಳದ ಉದ್ದಕ್ಕೂ ಒಂದು ಗೋಡೆ. ಈ ತುದಿಯಿಂದ ಆ ತುದಿಗೆ ನಡೆದರೆ ಸರಿಯಾಗಿ ಮುನ್ನೂರು ಹೆಜ್ಜೆ.

ಆ ಗೋಡೆಯ ತುಂಬ ಚಿತ್ರ. ಕೆರೆ, ಕೆರೆಯೊಳಗಿನ ಮೀನು, ಮರ, ಮರದ ಮೇಲಿನ ಗಿಳಿ, ರಾಜ, ರಾಣಿ, ಕುಂಬಾರ, ಅಗಸಗಿತ್ತಿ, ಕಾವಲುಗಾರ ಎಲ್ಲರೂ ಅಲ್ಲಿದ್ದರು. ಗೋಡೆಗೆ ಒಂದು ಗುಣವಿತ್ತು. ಅದರ ಮೇಲೆ ಏನು ಇರುತ್ತಿತ್ತೋ ಅದು ಊರಿನಲ್ಲಿಯೂ ಇರುತ್ತಿತ್ತು. ಗೋಡೆಯಲ್ಲಿ ಮೀನು ಇರುವವರೆಗೆ ಕೆರೆಯಲ್ಲಿ ಮೀನು. ಗೋಡೆಯಲ್ಲಿ ಗಿಳಿ ಇರುವವರೆಗೆ ಮರದಲ್ಲಿ ಗಿಳಿ.

ಗೋಡೆಯನ್ನು ನೋಡಿಕೊಳ್ಳುತ್ತಿದ್ದವನು ಬೈರೋಜ ಎಂಬ ಮುದುಕ. ಅಂಗಳದ ಪಕ್ಕದಲ್ಲೇ ಅವನ ಚಿತ್ರಶಾಲೆ. ಅಲ್ಲಿ ಹನ್ನೆರಡು ಜನ ಶಿಷ್ಯರು. ಅವರಲ್ಲಿ ಒಬ್ಬಳು ದೇವಲೆ. ಅವಳು ನಾಲ್ಕು ದಿನದ ದಾರಿಯ ಒಂದು ಹಳ್ಳಿಯಲ್ಲಿ ಬುಟ್ಟಿ ಹೆಣೆಯುವವರ ಮಗಳು. ಇದ್ದಿಲು ಸಿಕ್ಕರೆ ನೆಲದ ಮೇಲೆ, ಬಾಗಿಲ ಮೇಲೆ, ಮಡಕೆಯ ಮೇಲೆ ಬರೆಯುತ್ತಿದ್ದಳು. ಆ ದಾರಿಯಲ್ಲಿ ಹೋಗುತ್ತಿದ್ದ ಬೈರೋಜ ಅದನ್ನು ನೋಡಿ, ತಾಯಿತಂದೆಯನ್ನು ಕೇಳಿ ಕರೆದುಕೊಂಡು ಬಂದಿದ್ದ. ಅನ್ನ, ಬಟ್ಟೆ, ವಿದ್ಯೆ ಮೂರನ್ನೂ ಕೊಟ್ಟಿದ್ದ.

ದೇವಲೆಯ ಗೆರೆ ನೀರು ಹರಿದ ಹಾಗೆ. ಆದರೆ ಅವಳಲ್ಲಿ ಒಂದು ಕೊರತೆ. ತನ್ನ ಚಿತ್ರವನ್ನು ಇನ್ನೊಬ್ಬರು ಮುಟ್ಟಿದರೆ ಅವಳಿಗೆ ಆಗುತ್ತಿರಲಿಲ್ಲ. ಒಮ್ಮೆ ಅವಳು ಒಂದು ಮಾವಿನ ಮರ ಬರೆದಿದ್ದಾಗ, ಅವಳ ಜೊತೆಯವಳಾದ ಜಕ್ಕಲೆ ಎಂಬ ಹುಡುಗಿ ಸುಮ್ಮನಿರಲಾರದೆ ಕೊಂಬೆಯ ಮೇಲೆ ಒಂದು ಕಾಗೆಯನ್ನು ಕೂರಿಸಿದಳು. ದೇವಲೆ ಕಾಗೆಯನ್ನು ಉಗುರಿನಿಂದ ಕೆರೆದು ತೆಗೆದಳು. ಒಂದು ತಿಂಗಳು ಜಕ್ಕಲೆಯ ಜೊತೆ ಮಾತಾಡಲಿಲ್ಲ.

ಬೈರೋಜ ಬೈಯಲಿಲ್ಲ. "ಕೆಂಪು ಮಣ್ಣು ಮುಗಿದಿದೆ. ಬೆಟ್ಟಕ್ಕೆ ಹೋಗಿ, ಹಳ್ಳದಲ್ಲಿ ತೊಳೆದು, ಗಟ್ಟಿ ಕಟ್ಟಿ ತಾ" ಎಂದ. "ಮಣ್ಣು ತೊಳೆಯುವ ಕೆಲಸ ನಿಧಾನದ್ದು. ಮನಸ್ಸಿಗೂ ಒಳ್ಳೆಯದು."

ದೇವಲೆ ಮೂರು ದಿನ ಬೆಟ್ಟದಲ್ಲಿದ್ದಳು. ಊರಿಗೆ ಕೇಡು ಬಂದದ್ದು ಆ ಮೂರು ದಿನದಲ್ಲೇ.

ಮಂಕರಾಯ ಎಂಬ ಮಂತ್ರವಾದಿ ಕೆಂಜೇಡಿಗೆ ಬಂದ. ಮೈತುಂಬ ಬೂದಿ, ಹೆಗಲಲ್ಲಿ ಬೂದಿಯ ಚೀಲ. ಗೋಡೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿ ರಾಜನಿಗೆ ಹೇಳಿದ: "ಇದನ್ನೆಲ್ಲ ಅಳಿಸು. ಮುನ್ನೂರು ಹೆಜ್ಜೆಯ ತುಂಬ ನನ್ನ ಮುಖವೊಂದನ್ನೇ ಬರೆಸು."

ರಾಜ ಹೇಳಿದ: "ಸ್ವಾಮಿ, ಈ ಗೋಡೆ ನನ್ನದಲ್ಲ, ಊರಿನದು. ನನಗೇ ಇಲ್ಲಿ ಒಂದು ಗೇಣು ಜಾಗ. ಬೇಕಾದರೆ ನಿಮಗೂ ಒಂದು ಗೇಣು ಕೊಡಿಸುತ್ತೇನೆ."

ಮಂಕರಾಯನಿಗೆ ಕೋಪ ಬಂತು. ಚೀಲಕ್ಕೆ ಕೈಹಾಕಿ ಒಂದು ಹಿಡಿ ಮಂಕುಬೂದಿ ತೆಗೆದು ಉಫ್ ಎಂದು ಊದಿದ. ಗೋಡೆ ಬೆಳ್ಳಗಾಯಿತು. ಕೆರೆಯ ಮೀನು ಹೋಯಿತು, ಮರದ ಗಿಳಿ ಹೋಯಿತು. ಜನ ಇದ್ದರು, ಆದರೆ ಯಾರಿಗೂ ಯಾರ ನೆನಪೂ ಉಳಿಯಲಿಲ್ಲ. ಗಂಡ ಹೆಂಡತಿಯನ್ನು ಮರೆತ. ತಾಯಿ ಮಗುವನ್ನು ಮರೆತಳು. ಕುಂಬಾರ ತಿಗರಿಯ ಮುಂದೆ ಕೂತು, ಇದು ಯಾತಕ್ಕೆ ತಿರುಗುತ್ತದೆ ಎಂದು ನೋಡುತ್ತಿದ್ದ.

ನಾಲ್ಕನೆಯ ದಿನ ಬೆಳಿಗ್ಗೆ ದೇವಲೆ ಮಣ್ಣಿನ ಗಂಟು ಹೊತ್ತು ಬಂದಳು. ಊರ ಬಾಗಿಲಲ್ಲಿ ಕಾವಲುಗಾರ ಅವಳನ್ನು ತಡೆಯಲೂ ಇಲ್ಲ, ಮಾತಾಡಿಸಲೂ ಇಲ್ಲ. ಚಿತ್ರಶಾಲೆಯ ಮೆಟ್ಟಿಲ ಮೇಲೆ ಬೈರೋಜ ಕೂತಿದ್ದ. ಕುಂಚವನ್ನು ತಲೆಕೆಳಗಾಗಿ ಹಿಡಿದು ಮೆಟ್ಟಿಲ ಸಂದಿಯ ಮಣ್ಣು ಕೆದಕುತ್ತಿದ್ದ.

"ಗುರುಗಳೇ, ಬಂದೆ" ಎಂದಳು ದೇವಲೆ.

"ಯಾರಮ್ಮ ನೀನು? ಯಾರನ್ನು ಹುಡುಕುತ್ತಿದ್ದೀಯ?"

"ನಾನು ದೇವಲೆ."

"ಒಳ್ಳೆಯ ಹೆಸರು" ಎಂದ ಬೈರೋಜ. ಮತ್ತೆ ಮಣ್ಣು ಕೆದಕತೊಡಗಿದ.

ದೇವಲೆಯ ಎದೆ ಬಿರಿಯಿತು. ಅಳು ನುಂಗಿಕೊಂಡು ಅಂಗಳಕ್ಕೆ ಹೋದಳು. ಗೋಡೆ ಬೆಳ್ಳಗೆ ನಿಂತಿತ್ತು. ರಾಜನ ಕಟ್ಟೆಯ ಮೇಲೆ ಮಂಕರಾಯ ಕಾಲು ಚಾಚಿ ಕೂತಿದ್ದ. ಅವಳು ಕೂಡಲೇ ಗಂಟು ಬಿಚ್ಚಿ, ಕೆಂಪು ಕಲಸಿ, ಗೋಡೆಯ ಮೇಲೆ ಒಂದು ಗೆರೆ ಎಳೆದಳು. ಗೆರೆ ಜಾರಿ ನೆಲಕ್ಕೆ ಬಿತ್ತು.

ಮಂತ್ರವಾದಿಗಳಿಗೆಲ್ಲ ಒಂದು ಕಟ್ಟುಪಾಡಿದೆ. ಎದುರಿಗೆ ನಿಂತು ಕೇಳಿದ್ದಕ್ಕೆ ಸುಳ್ಳು ಹೇಳಿದರೆ ಅವರ ಮಂತ್ರ ಕೆಡುತ್ತದೆ. ಬೈರೋಜ ಇದನ್ನು ಎಂದೋ ಶಿಷ್ಯರಿಗೆ ಹೇಳಿದ್ದ. ದೇವಲೆ ಮಂಕರಾಯನ ಎದುರಿಗೆ ನಿಂತು ಕೇಳಿದಳು: "ಹೋದದ್ದೆಲ್ಲ ಮರಳಿ ಬರಬೇಕಾದರೆ ಏನು ಮಾಡಬೇಕು?"

ಮಂಕರಾಯ ಆಕಳಿಸಿ ಹೇಳಿದ: "ಗೋಡೆ ತುಂಬ ಮತ್ತೆ ಬರೆಯಬೇಕು. ಹುಣ್ಣಿಮೆಗೆ ಹತ್ತು ದಿನ ಇದೆ. ಅಂದು ಸೂರ್ಯ ಮುಳುಗುವುದರೊಳಗೆ ಮುನ್ನೂರು ಹೆಜ್ಜೆಯೂ ತುಂಬಬೇಕು. ಒಂದು ಗೇಣು ಬಿಳಿ ಉಳಿದರೂ ಊರು ನನ್ನದು. ನಿನಗೂ ಇವರದೇ ಗತಿ."

"ಈ ಬೂದಿಯ ಮೇಲೆ ಯಾವ ಬಣ್ಣ ನಿಲ್ಲುತ್ತದೆ?"

ಅವನಿಗೆ ಹೇಳಲು ಇಷ್ಟವಿರಲಿಲ್ಲ. ಆದರೂ ಹೇಳಬೇಕಾಯಿತು. "ಹಿರಿಕೆರೆಯ ಆಮೆಯ ಹತ್ತಿರ ಸುಣ್ಣವಿದೆ. ಗವಿಯ ಹುಲಿಯ ಹತ್ತಿರ ಕೆಮ್ಮಣ್ಣಿದೆ. ಬೇಲದ ಮರದ ಕರಡಿಯ ಹತ್ತಿರ ಅಂಟಿದೆ. ಆ ಮೂರೂ ಸೇರಿದರೆ ನಿಲ್ಲುತ್ತದೆ. ಹೋಗು. ಹೋದವರು ಯಾರೂ ಮೂರನ್ನೂ ತಂದಿಲ್ಲ."

ದೇವಲೆ ತನ್ನ ಕುಂಚಗಳನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟಳು.

ಮೊದಲು ಹಿರಿಕೆರೆಗೆ ಬಂದಳು. ದಡದಲ್ಲಿ ಒಂದು ಬಂಡೆ ಇತ್ತು. ಬಂಡೆ ಕತ್ತು ಹೊರಗೆ ಚಾಚಿದಾಗ ಅದು ಆಮೆ ಎಂದು ತಿಳಿಯಿತು. ಅದರ ಎರಡು ಕಣ್ಣೂ ಮುಚ್ಚಿದ್ದವು.

"ಆಮೆಯಜ್ಜ, ನನಗೆ ಸುಣ್ಣ ಬೇಕು" ಎಂದಳು.

"ಕೊಡುತ್ತೇನೆ. ನನ್ನ ಕಣ್ಣು ಹೋಗಿ ನೂರು ವರ್ಷವಾಯಿತು. ಈ ಕೆರೆಯ ಏರಿ ಈಗ ಹೇಗಿದೆ, ನನಗೆ ತೋರಿಸು."

ದೇವಲೆ ಒಂದು ಚಪ್ಪಡಿಯ ಮೇಲೆ ಇದ್ದಿಲಿನಿಂದ ಏರಿಯನ್ನು ಬರೆದಳು. ಅವಳು ಬರೆದ ಚಿತ್ರಗಳಲ್ಲೇ ಅದು ಚೆಂದದ್ದು. ಆಮೆ ಅದರ ಮೇಲೆ ಮೂತಿ ಇಟ್ಟು ನೋಡಿತು. "ಕಲ್ಲು ತಣ್ಣಗಿದೆ. ಅಷ್ಟೇ ಗೊತ್ತಾಯಿತು" ಎಂದಿತು.

ಎರಡನೆಯ ಸಲ ಅವಳು ಬಾಯಿಂದ ಬಣ್ಣಿಸಿದಳು. "ಮಾತು ಬೇಡ, ಮಾತನ್ನು ಕಪ್ಪೆಗಳೂ ಹೇಳುತ್ತವೆ. ತೋರಿಸು" ಎಂದಿತು ಆಮೆ.

ದೇವಲೆ ಬಹಳ ಹೊತ್ತು ಯೋಚಿಸಿದಳು. ಆಮೆಯ ಕಾಲನ್ನು ನೋಡಿದಳು, ಕತ್ತನ್ನು ನೋಡಿದಳು. ಆಮೇಲೆ ದಡದ ಹಸಿ ಕೆಸರಿಗೆ ಇಳಿದು, ಎರಡೂ ಕೈಯಿಂದ ಅಗೆದು, ಏರಿಸಿ, ಒತ್ತಿ, ಉದ್ದಕ್ಕೂ ಒಂದು ಏರಿ ಮಾಡಿದಳು. ಮೆಟ್ಟಿಲಿಗೆ ಅಂಗೈಯಿಂದ ಮಡಿಕೆ. ಮರಕ್ಕೆ ಉಬ್ಬು, ಎಲೆಗೆ ಬೆರಳ ತುದಿಯ ಗುಳಿ. ಅದು ಚೆಂದ ಇತ್ತೋ ಇಲ್ಲವೋ ಅವಳಿಗೇ ತಿಳಿಯಲಿಲ್ಲ.

ಆಮೆ ಅದರ ಮೇಲೆ ನಿಧಾನವಾಗಿ ನಡೆಯಿತು. ಒಂದೊಂದು ಕಾಲಿಟ್ಟಾಗಲೂ ನಿಂತಿತು. "ಇದು ಮೆಟ್ಟಿಲು. ಒಂದು ಕಲ್ಲು ಜರುಗಿದೆ. ಇದು ಹುಣಿಸೆ ಮರವೇ? ನಾನು ಕೊನೆಯ ಸಲ ನೋಡಿದಾಗ ಇದಕ್ಕೆ ನಾಲ್ಕೇ ಎಲೆ ಇತ್ತು." ಆ ತುದಿಯವರೆಗೆ ನಡೆದು ಹೋಗಿ ಅದು ಅಲ್ಲೇ ನಿಂತುಬಿಟ್ಟಿತು. ಮುಚ್ಚಿದ ಕಣ್ಣಿನಿಂದ ನೀರು ಇಳಿಯುತ್ತಿತ್ತು.

ಚಿತ್ರವೆಲ್ಲ ಅದರ ಕಾಲಡಿಯಲ್ಲಿ ಕೆಸರಾಗಿ ಹೋಗಿತ್ತು. ದೇವಲೆಗೆ ಆಶ್ಚರ್ಯವಾಯಿತು. ಅವಳಿಗೆ ಒಂದಿಷ್ಟೂ ಬೇಸರವಾಗಿರಲಿಲ್ಲ.

ಆಮೆ ನೀರಿನೊಳಗಿಂದ ಒಂದು ಸಣ್ಣ ಬುಟ್ಟಿ ಎತ್ತಿಕೊಟ್ಟಿತು. ಅದರಲ್ಲಿ ಚಿಪ್ಪಿನ ಸುಣ್ಣ. "ತೆಗೆದಷ್ಟೂ ತುಂಬುತ್ತದೆ. ಹೋಗಿ ಬಾ ಮಗಳೇ" ಎಂದಿತು.

ಅಲ್ಲಿಂದ ದೇವಲೆ ಎರಡು ದಿನ ನಡೆದು ಹುಲಿಯ ಗವಿಗೆ ಬಂದಳು. ಗವಿಯ ಬಾಯಲ್ಲಿ ಒಂದು ಹೆಣ್ಣುಹುಲಿ ಮಲಗಿತ್ತು. ಒಗೆದ ಬಟ್ಟೆಯ ಹಾಗೆ ಬೆಳ್ಳಗಿತ್ತು. ಮೈಮೇಲೆ ಒಂದು ಬರೆಯೂ ಇರಲಿಲ್ಲ.

"ಬೂದಿಯ ಗಾಳಿ ನನ್ನ ಮೇಲೂ ಬೀಸಿತು" ಎಂದಿತು ಹುಲಿ. "ನನ್ನ ಎರಡು ಮರಿಗಳು ಆ ಪೊದೆಯಲ್ಲಿ ಅಡಗಿವೆ. ನಾನು ಯಾರೋ ಎಂದು ಹೆದರಿ ಹತ್ತಿರ ಬರುತ್ತಿಲ್ಲ, ಹಾಲು ಕುಡಿಯುತ್ತಿಲ್ಲ. ನನಗೆ ನನ್ನ ಬಣ್ಣ ಕೊಡು, ಕೆಮ್ಮಣ್ಣು ಕೊಡುತ್ತೇನೆ. ಮೂರು ಸಲ ಬರೆಯಬಹುದು. ಮೂರನೆಯ ಸಲವೂ ಮರಿಗಳು ಬರದಿದ್ದರೆ ನಿನ್ನನ್ನು ತಿನ್ನುತ್ತೇನೆ. ಕೋಪದಿಂದ ಹೇಳುತ್ತಿಲ್ಲ. ನನಗೂ ಹಸಿವಾಗಿದೆ."

ದೇವಲೆ ಗವಿಯ ಕೆಮ್ಮಣ್ಣು ಕಲಸಿದಳು, ಇದ್ದಿಲು ಅರೆದಳು. ಚಿತ್ರಶಾಲೆಯಲ್ಲಿ ಕಲಿತ ಹುಲಿಯನ್ನು ಹುಲಿಯ ಮೇಲೇ ಬರೆದಳು. ಆ ಕಡೆ ಎಷ್ಟು ಬರೆಗಳೋ ಈ ಕಡೆಯೂ ಅಷ್ಟೇ. ಹುಲಿ ಹಳ್ಳದ ನೀರಿನಲ್ಲಿ ನೋಡಿಕೊಂಡಿತು. "ಚೆಂದ ಇದೆ. ಆದರೆ ನಾನು ಹೀಗಿರಲಿಲ್ಲ." ಮರಿಗಳು ಪೊದೆಯೊಳಗೆ ಇನ್ನೂ ಹಿಂದೆ ಸರಿದವು.

ಎರಡನೆಯ ಸಲ ಹುಲಿಯನ್ನೇ ಕೇಳಿದಳು. "ನನ್ನ ಬೆನ್ನನ್ನು ನಾನು ಎಲ್ಲಿ ನೋಡಿದ್ದೇನೆ? ಎದೆ, ಕಾಲು ಇಷ್ಟೇ ನನಗೆ ಗೊತ್ತು" ಎಂದಿತು. ಗೊತ್ತಿದ್ದಷ್ಟು ಹೇಳಿತು. ಅವಳು ಬರೆದಳು. ಮರಿಗಳು ತಲೆ ಹೊರಗೆ ಹಾಕಿದವು, ಬರಲಿಲ್ಲ.

ಉಳಿದದ್ದು ಒಂದೇ ಸಲ. ದೇವಲೆ ಕುಂಚ ಕೆಳಗಿಟ್ಟು, ಪೊದೆಯ ಹತ್ತಿರ ಹೋಗಿ ನೆಲದ ಮೇಲೆ ಕೂತಳು.

"ಮರಿಗಳೇ, ನಿಮ್ಮ ಅಮ್ಮ ಹೇಗಿದ್ದಳು? ನನಗೆ ಗೊತ್ತಿಲ್ಲ. ಹೇಳಿಕೊಡಿ."

ಒಂದು ಮರಿ ಪೊದೆಯಿಂದ ಮೂತಿ ಚಾಚಿ ಹೇಳಿತು: "ಅಮ್ಮನ ಭುಜದ ಮೇಲೆ ಕವಲಾದ ಒಂದು ಬರೆ ಇತ್ತು. ನಾನು ಅದರ ಮೇಲೆ ಮೂತಿ ಇಟ್ಟೇ ಮಲಗುವುದು."

ಇನ್ನೊಂದು ಹೇಳಿತು: "ಕಿವಿಯ ಹಿಂದೆ ಬಿಳಿ ಚುಕ್ಕೆ ಇತ್ತು. ಹುಲ್ಲಿನಲ್ಲಿ ನಡೆಯುವಾಗ ನಾವು ಅದನ್ನೇ ನೋಡಿಕೊಂಡು ಹಿಂದೆ ಹೋಗುತ್ತಿದ್ದೆವು."

ದೇವಲೆ ಬರೆದಳು. ಮರಿಗಳು ಒಂದೊಂದೇ ಹೆಜ್ಜೆ ಹತ್ತಿರ ಬಂದವು. "ಅದು ಇನ್ನೂ ಮೇಲೆ." "ಅದು ಅಷ್ಟು ದಪ್ಪ ಇರಲಿಲ್ಲ." ಕೊನೆಗೆ ಸಣ್ಣ ಮರಿಗೆ ಹೇಳಿ ಹೇಳಿ ಸಾಕಾಯಿತು. ತನ್ನ ಪಂಜವನ್ನೇ ಬಣ್ಣದಲ್ಲಿ ಅದ್ದಿ ತಾಯಿಯ ಹೊಟ್ಟೆಯ ಮೇಲೆ ಒಂದು ಗೆರೆ ಎಳೆಯಿತು. ಗೆರೆ ಸೊಟ್ಟಗಿತ್ತು. ಹುಲಿಯ ಹಳೆಯ ಬರೆಯೂ ಅಲ್ಲಿ ಸೊಟ್ಟಗೇ ಇದ್ದಿತು. ಎಳೆದ ಮರಿ ಅಲ್ಲೇ ಮಲಗಿ ಹಾಲು ಕುಡಿಯತೊಡಗಿತು, ಇನ್ನೊಂದೂ ಬಂದು ಸೇರಿತು.

ಹುಲಿ ದೇವಲೆಯ ತಲೆಯನ್ನು ಒಮ್ಮೆ ನೆಕ್ಕಿ, ಒಂದು ಕುಡಿಕೆ ಕೆಮ್ಮಣ್ಣು ಕೊಟ್ಟಿತು. ಅದೂ ತೆಗೆದಷ್ಟೂ ತುಂಬುವಂಥದ್ದು.

ಮೂರನೆಯದು ಬೇಲದ ಮರ. ಅದರ ಬುಡದಲ್ಲಿ ಒಂದು ಕರಡಿ ಬೆನ್ನು ಒರಗಿಸಿ ಕೂತಿತ್ತು.

"ಕರಡಿ ಮಾವ, ನನಗೆ ಅಂಟು ಬೇಕು."

"ಕೂತುಕೋ. ಏನಾದರೂ ಬರೆ. ನಾನೂ ಅದರಲ್ಲಿ ಬರೆಯುತ್ತೇನೆ. ನೀನು ಮುಖ ಸಿಂಡರಿಸಬಾರದು, ಅಷ್ಟೇ."

ಇದು ಸುಲಭ ಎಂದುಕೊಂಡಳು ದೇವಲೆ. ಒಂದು ಚಪ್ಪಟೆ ಕಲ್ಲಿನ ಮೇಲೆ ಜಿಂಕೆ ಬರೆದಳು. ಕರಡಿ ಬಂದು ಅದರ ಮುಖದ ಮೇಲೆ ಪರಪರ ಮೂರು ಗೀರು ಎಳೆಯಿತು.

"ಸಿಂಡರಿಸಿದೆ" ಎಂದಿತು ಕರಡಿ.

"ಇಲ್ಲ."

"ಮೂಗು ಸಿಂಡರಿಸಿತು. ನೋಡಿದೆ."

ಎರಡನೆಯ ಸಲ ಒಂದು ಹೂವು ಬರೆದಳು. ಹಲ್ಲು ಕಚ್ಚಿಕೊಂಡು ಮುಖ ಕಲ್ಲಿನಂತೆ ಮಾಡಿ ಕೂತಳು. ಕರಡಿ ಹೂವಿನ ನಡುವೆ ಅಂಗೈ ಊರಿ ತಿರುವಿತು. ಅವಳ ಮುಖ ಅಲುಗಲಿಲ್ಲ.

"ಮುಖ ಗೆದ್ದೆ. ಆದರೆ ನೀನು ಚಿತ್ರದ ಕಡೆ ನೋಡಲೇ ಇಲ್ಲ. ಅದೂ ಸಿಂಡರಿಸಿದ ಹಾಗೆಯೇ" ಎಂದಿತು ಕರಡಿ.

ಮೂರನೆಯ ಸಲ ಅವಳು ಬೇಲದ ಮರವನ್ನೇ ಬರೆದಳು. ಕರಡಿ ಕೊಂಬೆಯ ಕೆಳಗೆ ಒಂದು ದೊಡ್ಡ ಕಲೆ ಹಾಕಿತು. ದೇವಲೆ ಈ ಸಲ ಕಲೆಯನ್ನು ನೋಡಿದಳು. ಕರಡಿ ಇದನ್ನು ಇಲ್ಲೇ ಏಕೆ ಹಾಕಿತು? ತಲೆ ಎತ್ತಿ ನಿಜವಾದ ಮರವನ್ನು ನೋಡಿದಳು. ಅದೇ ಕೊಂಬೆಯ ಕೆಳಗೆ ಒಂದು ಜೇನುಗೂಡು ತೂಗುತ್ತಿತ್ತು. ಅವಳು ಬರೆಯುವಾಗ ಅದನ್ನು ಕಂಡೇ ಇರಲಿಲ್ಲ. ಅವಳಿಗೆ ನಗು ಬಂತು. ಕುಂಚದ ತುದಿಯಿಂದ ಆ ಕಲೆಯ ಸುತ್ತ ಪುಟ್ಟ ಪುಟ್ಟ ಜೇನುಹುಳಗಳನ್ನು ಬರೆದಳು. ಕರಡಿ ಇನ್ನೊಂದು ಗೀರು ಎಳೆಯಿತು, ಅವಳು ಅದನ್ನು ತೊಟ್ಟಿಕ್ಕುವ ಜೇನುತುಪ್ಪ ಮಾಡಿದಳು. ಇಬ್ಬರೂ ಹೀಗೆ ಮಧ್ಯಾಹ್ನದವರೆಗೆ ಬರೆದರು.

"ಬಹಳ ದಿನದ ಮೇಲೆ ಹೊತ್ತು ಹೋದದ್ದೇ ಗೊತ್ತಾಗಲಿಲ್ಲ" ಎಂದಿತು ಕರಡಿ. ಮರದ ತೊಗಟೆ ಸೀಳಿ, ತೆಗೆದಷ್ಟೂ ತುಂಬುವ ಒಂದು ಸೋರೆಬುರುಡೆ ಅಂಟು ಕೊಟ್ಟಿತು.

ದೇವಲೆ ಕೆಂಜೇಡಿಗೆ ಮರಳುವಾಗ ಹುಣ್ಣಿಮೆಗೆ ಐದು ದಿನ ಉಳಿದಿತ್ತು. ಬೂದಿಯ ಮೇಲೆ ಸುಣ್ಣ ಬಳಿದಳು, ನಿಂತಿತು. ಕೆಮ್ಮಣ್ಣಿಗೆ ಅಂಟು ಸೇರಿಸಿ ಗೆರೆ ಎಳೆದಳು, ನಿಂತಿತು. ಚಿತ್ರಶಾಲೆಯ ಹಳದಿ, ಹಸಿರು, ನೀಲಿಗಳೂ ಆ ಅಂಟಿನಿಂದ ನಿಂತವು. ಊರಿನವರಿಗೆ ಏನೂ ನೆನಪಿಲ್ಲವಲ್ಲ, ಅವರೇನು ಬರೆದಾರು ಎಂದು ಅವಳು ಒಬ್ಬಳೇ ಕೆಲಸಕ್ಕೆ ಇಳಿದಳು.

ಸಂಜೆಯ ಹೊತ್ತಿಗೆ ಹನ್ನೆರಡು ಹೆಜ್ಜೆ ಗೋಡೆ ತುಂಬಿತ್ತು. ಬರೆದ ಮೀನು ಕೆರೆಗೆ ಬಂತು. ಬರೆದ ಗಿಳಿ ಮರಕ್ಕೆ ಬಂತು. ಆದರೆ ಅವಳು ಬರೆದ ಅಗಸಗಿತ್ತಿ ಕಾಳವ್ವನ ಚಿತ್ರವನ್ನು ಕಾಳವ್ವ ನೋಡಿ, "ಯಾರೋ ಹೆಂಗಸು" ಎಂದು ಸುಮ್ಮನೆ ಹೋದಳು.

ಮಂಕರಾಯ ಕಟ್ಟೆಯಿಂದ ಇಳಿದು ಬಂದ. "ದಿನಕ್ಕೆ ಹನ್ನೆರಡು ಹೆಜ್ಜೆ. ಐದು ದಿನಕ್ಕೆ ಅರವತ್ತು. ಕೇಳು, ನಿನಗೊಂದು ದಾರಿ ಹೇಳುತ್ತೇನೆ. ನನ್ನ ಮುಖವೊಂದನ್ನು ದೊಡ್ಡದಾಗಿ ಬರೆ. ಗೋಡೆ ತುಂಬುತ್ತದೆ. ನಿನ್ನ ಗುರುವಿಗೆ ನೆನಪು ಕೊಡುತ್ತೇನೆ. ನೀವಿಬ್ಬರೂ ಸುಖವಾಗಿರಿ."

ದೇವಲೆ ಚಿತ್ರಶಾಲೆಯ ಕಡೆ ನೋಡಿದಳು. ಬೈರೋಜ ಮೆಟ್ಟಿಲ ಮೇಲೆ ಹಾಗೆಯೇ ಕೂತಿದ್ದ. ಹೂಂ ಎನ್ನಲು ಅವಳಿಗೆ ಆಸೆಯಾಯಿತು. ಆಮೇಲೆ ಮಂಕರಾಯನ ಎದುರಿಗೆ ನಿಂತು ಕೇಳಿದಳು: "ನೆನಪು ಬಂದ ಮೇಲೆ ಗುರುಗಳು ಈ ಗೋಡೆಯನ್ನು ನೋಡಿ ಏನು ಮಾಡುತ್ತಾರೆ?"

ಮಂಕರಾಯ ಆ ಕಡೆ ಈ ಕಡೆ ನೋಡಿದ. ಸುಳ್ಳು ಹೇಳುವಂತಿರಲಿಲ್ಲ. "ಕುಂಚ ಎತ್ತಿಡುತ್ತಾನೆ. ಮತ್ತೆ ಮುಟ್ಟುವುದಿಲ್ಲ" ಎಂದ.

ದೇವಲೆ ತಿರುಗಿ ಸುಣ್ಣ ಕಲಸತೊಡಗಿದಳು.

ಮಾರನೆಯ ದಿನ ಬೆಳಿಗ್ಗೆ ಕಾಳವ್ವ ಮತ್ತೆ ಬಂದು ಗೋಡೆಯ ಮುಂದೆ ನಿಂತಳು. ಅವಳ ಬಲಗೈ ತಾನಾಗಿಯೇ ಗಾಳಿಯಲ್ಲಿ ಮೇಲೆ ಹೋಗಿ ಕೆಳಗೆ ಬರುತ್ತಿತ್ತು, ಕಲ್ಲಿಗೆ ಬಟ್ಟೆ ಒಗೆಯುವ ಹಾಗೆ. ತಲೆಗೆ ಮರೆತುಹೋದದ್ದು ಕೈಗೆ ಮರೆತಿಲ್ಲ ಎಂದು ದೇವಲೆ ಕಂಡುಕೊಂಡಳು. ಹುಲಿಮರಿಗಳನ್ನು ಕೇಳಿದ ಹಾಗೆಯೇ ಕೇಳಿದಳು.

"ಕಾಳವ್ವ, ನಿನ್ನನ್ನು ನಾನು ಸರಿಯಾಗಿ ಬರೆದಿಲ್ಲ. ನೀನೇ ಬರೆ."

"ನಂಗೇನು ಗೊತ್ತು ಮಗಾ? ನಾನು ಇದನ್ನು ಹಿಡಿದವಳೇ ಅಲ್ಲ."

"ಕೈ ಹೋದ ಹಾಗೆ ಬಿಡು."

ಕಾಳವ್ವ ಕುಂಚವನ್ನು ಮುಷ್ಟಿಯಲ್ಲಿ ಹಿಡಿದು ಮೇಲಿಂದ ಕೆಳಕ್ಕೆ ಎಳೆದಳು. ಸೀರೆ ಒಣಹಾಕಿದ ಹಾಗೆ ಗೆರೆಗಳು ಇಳಿದವು. ಆಮೇಲೆ ಅವುಗಳ ನಡುವೆ ಒಂದು ಪುಟ್ಟ ಚೌಕ, ಚೌಕಕ್ಕೆ ಎರಡು ತೋಳು. ಅದನ್ನು ನೋಡುತ್ತ ನಿಂತಳು.

"ಇದು ನನ್ನ ಮಗನ ಅಂಗಿ" ಎಂದಳು ಮೆಲ್ಲಗೆ. "ತೋಳಿಗೇ ಮೂಗು ಒರೆಸ್ಕೋತಾನೆ. ಎಷ್ಟು ಒಗೆದರೂ ಹೋಗಲ್ಲ." ಕುಂಚ ಅವಳ ಕೈಯಿಂದ ಬಿತ್ತು. "ಸಿದ್ದ ಎಲ್ಲಿ? ನನ್ನ ಸಿದ್ದ ಉಂಡನೋ ಇಲ್ಲವೋ" ಎನ್ನುತ್ತ ಮನೆಯ ಕಡೆ ಓಡಿದಳು.

ಆ ದಿನ ದೇವಲೆ ತಾನು ಬರೆಯುವುದನ್ನು ಬಿಟ್ಟು ಕುಂಚ ಹಂಚಿದಳು. ಕುಂಬಾರ ಒಂದು ದುಂಡನೆಯ ಗೆರೆ ಎಳೆದ, ಅವನ ತಿಗರಿ ನೆನಪಾಯಿತು. ಕಾವಲುಗಾರ ಊರ ಬಾಗಿಲ ಬೀಗ ಬರೆದ, ಬೀಗದ ಕೈ ಎಲ್ಲಿಟ್ಟೆ ಎಂದು ಹುಡುಕಲು ಹೋದ. ನೆನಪಾದವರು ಮರೆತವರನ್ನು ಕೈಹಿಡಿದು ಕರೆತಂದರು. ಕುಂಚ ಸಾಲದಾದಾಗ ಬೇವಿನ ಕಡ್ಡಿ ಜಗಿದು ಕುಂಚ ಮಾಡಿದರು. ಯಾರು ಎಲ್ಲಿ ತಪ್ಪು ಗೆರೆ ಎಳೆದರೂ ದೇವಲೆ ಅದನ್ನು ಅಳಿಸಲಿಲ್ಲ. ಕರಡಿಯ ಕಲೆಯನ್ನು ನೋಡಿದ ಹಾಗೆ ನೋಡಿ, ಅದರ ಪಕ್ಕದಲ್ಲಿ ಏನು ಬರೆದರೆ ಒಪ್ಪುತ್ತದೆ ಎಂದು ಹುಡುಕಿ ಬರೆದಳು.

ರಾಜ ಬಂದು ಒಬ್ಬ ಹೆಂಗಸಿನ ಮುಖ ಬರೆದ. ಮೂಗು ಹುಣಿಸೆ ಕಾಯಿಯ ಹಾಗೆ ಬಂತು. ಪಕ್ಕದಲ್ಲಿ ನಿಂತಿದ್ದ ರಾಣಿ ಅದನ್ನು ನೋಡಿ, ಕುಂಚ ಕಿತ್ತುಕೊಂಡು, ಗೇಣುದ್ದದ ಮೀಸೆಯ ಒಬ್ಬ ಗಂಡಸನ್ನು ಬರೆದಳು.

"ನನ್ನ ಮೀಸೆ ಇಷ್ಟು ಕೆಟ್ಟದಾಗಿಲ್ಲ, ಲಚ್ಚಲೆ" ಎಂದ ರಾಜ.

"ನನ್ನ ಮೂಗೂ ಹೀಗಿಲ್ಲ" ಎಂದಳು ರಾಣಿ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ, ಎಲ್ಲರೆದುರಿಗೆ ಕಣ್ಣೊರೆಸಿಕೊಂಡರು.

ಮೂರನೆಯ ದಿನ ಜಕ್ಕಲೆ ಬಂದಳು. ದೇವಲೆ ಮೊದಲ ದಿನ ಬರೆದ ಮಾವಿನ ಮರದ ಮುಂದೆ ನಿಂತು, ಏನೂ ನೆನಪಿಲ್ಲದೆಯೇ ಕೊಂಬೆಯ ಮೇಲೆ ಒಂದು ಕಾಗೆಯನ್ನು ಬರೆದಳು. ಬರೆದು ಮುಗಿಯುತ್ತಿದ್ದಂತೆ ಎಲ್ಲ ನೆನಪಾಗಿ, ಹೆದರಿ ಹಿಂದೆ ಸರಿದಳು. ದೇವಲೆ ಅವಳ ಪಕ್ಕದಲ್ಲಿ ಬಂದು ನಿಂತು ಕಾಗೆಗೆ ಒಂದು ಗೂಡು ಕಟ್ಟಿದಳು, ಗೂಡಿನಲ್ಲಿ ಮೂರು ಮೊಟ್ಟೆ ಇಟ್ಟಳು.

"ಆವತ್ತು ನಿನ್ನ ಕಾಗೆ ಚೆನ್ನಾಗಿತ್ತು. ನಾನೇ ಕೆಟ್ಟವಳಾದೆ" ಎಂದಳು.

"ಆವತ್ತಿನದು ಅಷ್ಟೇನೂ ಚೆನ್ನಾಗಿರಲಿಲ್ಲ. ಇದು ಪರವಾಗಿಲ್ಲ" ಎಂದಳು ಜಕ್ಕಲೆ. ಅಲ್ಲಿಂದ ಮುಂದೆ ಇಬ್ಬರೂ ಅಕ್ಕಪಕ್ಕ ನಿಂತು ಬರೆದರು.

ಹುಣ್ಣಿಮೆಯ ದಿನ ಬಂತು. ಮಧ್ಯಾಹ್ನದ ಹೊತ್ತಿಗೆ ಹತ್ತು ಹೆಜ್ಜೆ ಉಳಿಯಿತು, ಆಮೇಲೆ ಮೂರು, ಆಮೇಲೆ ಒಂದು. ಸೂರ್ಯ ತಾಳೆಮರದ ಎತ್ತರಕ್ಕೆ ಇಳಿದಾಗ ಉಳಿದದ್ದು ಒಂದು ಗೇಣು. ಅದರಲ್ಲಿ ಯಾರು ಬರೆದರೂ ಬಣ್ಣ ಜಾರಿತು. ಊರಿನಲ್ಲಿ ಬರೆಯದೆ ಉಳಿದವನು ಬೈರೋಜ ಒಬ್ಬನೇ. ಅದು ಅವನದೇ ಜಾಗ.

ದೇವಲೆ ಬೈರೋಜನನ್ನು ಕೈಹಿಡಿದು ಕರೆತಂದು ಕುಂಚ ಕೊಟ್ಟಳು. ಅವನು ಅದನ್ನು ತಿರುಗಿಸಿ ಮುರುಗಿಸಿ ನೋಡಿದ. "ಇದು ನನ್ನ ಕೈಗೆ ಗೊತ್ತಿಲ್ಲ ತಾಯಿ. ನನ್ನನ್ನು ಬಿಡು" ಎಂದ.

ಕಟ್ಟೆಯ ಮೇಲೆ ಮಂಕರಾಯ ಬೂದಿಯ ಚೀಲದ ಬಾಯಿ ಬಿಚ್ಚುತ್ತಿದ್ದ.

ದೇವಲೆ ಬೈರೋಜನ ಹಿಂದೆ ನಿಂತು, ಅವನ ಕೈಯ ಮೇಲೆ ತನ್ನ ಕೈ ಇಟ್ಟಳು. ಕುಂಚವನ್ನು ಗೋಡೆಗೆ ತಾಗಿಸಿದಳು. ಒಂದು ಹಸುವನ್ನು ಬರೆಯತೊಡಗಿದಳು. ಕೊಂಬು ಆಯಿತು, ಕತ್ತು ಆಯಿತು. ಸೂರ್ಯ ಕೆಂಪಾಗಿದ್ದ. ಅವಸರದಲ್ಲಿ ಬೆನ್ನಿನ ಗೆರೆಯನ್ನು ನೇರ ಎಳೆಯಲು ಹೋದಳು.

ಅವಳ ಕೈಯ ಕೆಳಗಿನ ಮುದಿಕೈ ನಿಂತಿತು. ಮುಂದಕ್ಕೆ ಹೋಗಲು ಒಪ್ಪಲಿಲ್ಲ.

"ಅವಸರ ಮಾಡಬೇಡ" ಎಂದ ಬೈರೋಜ. "ಹಸು ನಿಂತಾಗ ಬೆನ್ನು ಇಲ್ಲಿ ಸ್ವಲ್ಪ ತಗ್ಗುತ್ತದೆ. ಎಷ್ಟು ಸಲ ಹೇಳಿದ್ದೇನೆ, ದೇವಲೆ."

ದೇವಲೆ ಕೈ ತೆಗೆದಳು. ಅವಳಿಗೆ ಗೋಡೆ ಕಾಣಲಿಲ್ಲ, ಕಣ್ಣು ತುಂಬಿತ್ತು. ಬೈರೋಜ ಒಂದೇ ಉಸಿರಿನಲ್ಲಿ ಬೆನ್ನು ತಗ್ಗಿಸಿ, ಎತ್ತಿ, ಬಾಲ ಇಳಿಸಿ, ನಾಲ್ಕು ಕಾಲು ನಿಲ್ಲಿಸಿ, ಕೊನೆಗೆ ಕಣ್ಣಿನ ಚುಕ್ಕೆ ಇಟ್ಟ. ಚುಕ್ಕೆ ಇಟ್ಟ ಮೇಲೆ ಸೂರ್ಯ ಮುಳುಗಿದ.

ಮಂಕರಾಯನ ಚೀಲ ಹರಿದು ಬೂದಿಯೆಲ್ಲ ನೆಲಕ್ಕೆ ಸುರಿಯಿತು. ಅವನ ಮೈಯ ಬೂದಿಯೂ ಉದುರಿತು. ಒಳಗಿದ್ದವನು ಬರಿಗೈಯ ಒಬ್ಬ ಸಣಕಲು ಮನುಷ್ಯ. ಅವನು ಗೋಡೆಯನ್ನು ಮತ್ತೊಮ್ಮೆ ಆ ತುದಿಯಿಂದ ಈ ತುದಿಗೆ ನೋಡಿದ.

"ಒಂದು ಗೇಣು ಕೊಡುತ್ತೇನೆ ಎಂದಿದ್ದೆ. ಈಗ ಅದೂ ಇಲ್ಲ" ಎಂದ ರಾಜ.

ಮಂಕರಾಯ ತಲೆ ತಗ್ಗಿಸಿ ಊರ ಬಾಗಿಲು ದಾಟಿ ಹೋದ. ಆಮೇಲೆ ಅವನನ್ನು ಆ ರಾಜ್ಯದಲ್ಲಿ ಯಾರೂ ಕಾಣಲಿಲ್ಲ. ಬೂದಿಯನ್ನು ಗುಡಿಸಿ ಹೊಲಕ್ಕೆ ಹಾಕಿದರು.

ಮರುದಿನ ರಾಜ ಸಭೆ ಸೇರಿಸಿ ದೇವಲೆಯನ್ನು ಕರೆಸಿದ. "ಮಗಳೇ, ಈ ಗೋಡೆಯ ಮೇಲೆ ನಿನ್ನ ಹೆಸರನ್ನು ದೊಡ್ಡದಾಗಿ ಬರೆಸುತ್ತೇನೆ. ಇನ್ನೇನು ಬೇಕೋ ಕೇಳು" ಎಂದ.

"ಮಹಾಪ್ರಭು, ಗೋಡೆಯ ಕೆಳಗೆ ಕಲ್ಲಿನ ಪಟ್ಟಿ ಖಾಲಿ ಇದೆ" ಎಂದಳು ದೇವಲೆ. "ಅಲ್ಲಿ ಬರೆದವರೆಲ್ಲರ ಹೆಸರು ಬರೆಯಲು ಅಪ್ಪಣೆ ಆಗಲಿ. ನಾನು ಒಬ್ಬಳೇ ಬರೆದದ್ದು ಹನ್ನೆರಡು ಹೆಜ್ಜೆ. ಅದರ ವಿದ್ಯೆಯೂ ಗುರುಗಳದು."

ರಾಜ ಒಪ್ಪಿದ. ದೇವಲೆ ಎರಡು ದಿನ ನೆಲದ ಮೇಲೆ ಕೂತು ಹೆಸರು ಬರೆದಳು. ಪ್ರತಿಯೊಬ್ಬರ ಮನೆಗೆ ಹೋಗಿ ಹೆಸರು ಕೇಳಿದಳು. ಕೇಳಿದ ಮೇಲೆ, "ನಿಮ್ಮಿಂದ ಆಯಿತು" ಎಂದು ಹೇಳಿ ಬಂದಳು. ಕಾಳವ್ವ, ಕುಂಬಾರ, ಕಾವಲುಗಾರ, ರಾಣಿ, ರಾಜ, ಜಕ್ಕಲೆ. ಹಿರಿಕೆರೆಯ ಆಮೆಯಜ್ಜ. ಗವಿಯ ಹುಲಿ, ಅದರ ಎರಡು ಮರಿಗಳು. ಬೇಲದ ಮರದ ಕರಡಿ ಮಾವ. ಎಲ್ಲ ಮುಗಿಸಿ ಎದ್ದು, ಕೈ ತೊಳೆಯಲು ಹೊರಟಳು.

"ಒಂದು ಬಿಟ್ಟಿದ್ದೀಯ" ಎಂದ ಬೈರೋಜ.

ಅವಳು ಮತ್ತೆ ಬಗ್ಗಿ ಎಲ್ಲ ಹೆಸರನ್ನೂ ಓದಿದಳು. "ಯಾರನ್ನು ಬಿಟ್ಟೆ ಗುರುಗಳೇ?"

ಬೈರೋಜ ಅವಳ ಕೈಯಿಂದ ಕುಂಚ ತೆಗೆದುಕೊಂಡ. ಮಂಡಿ ಊರಿ ನಿಧಾನವಾಗಿ ಕೂತ. ಅಗಸಗಿತ್ತಿಯ ಹೆಸರಿಗೂ ಕುಂಬಾರನ ಹೆಸರಿಗೂ ನಡುವೆ ಸ್ವಲ್ಪ ಜಾಗವಿತ್ತು. ಅಲ್ಲಿ ಉಳಿದ ಹೆಸರುಗಳಷ್ಟೇ ದಪ್ಪದ ಅಕ್ಷರದಲ್ಲಿ "ದೇವಲೆ" ಎಂದು ಬರೆದ.

ಆ ಮೇಲೆ ಕೆಂಜೇಡಿಯಲ್ಲಿ ಕೆರೆ ತುಂಬ ಮೀನು, ಮರ ತುಂಬ ಗಿಳಿ, ಮನೆ ತುಂಬ ಮಾತು. ಹುಟ್ಟಿದ ಪ್ರತಿ ಮಗುವಿಗೂ ಆ ಊರಿನವರು ಗೋಡೆಯಲ್ಲಿ ಜಾಗ ಹುಡುಕಿದರು, ಸಿಗದಿದ್ದಾಗ ಗೋಡೆಯನ್ನೇ ಒಂದು ಹೆಜ್ಜೆ ಬೆಳೆಸಿದರು. ಅವರಿಗೆ ಕೊನೆಯವರೆಗೂ ಸುಖ ಕಡಿಮೆಯಾಗಲಿಲ್ಲ. ಈ ಕತೆ ಹೇಳಿದವರಿಗೂ ಕೇಳಿದವರಿಗೂ ಅದೇ ಸುಖ ಸಿಗಲಿ.